ಚೆನ್ ಲಾಂಗ್ ಅವರ ಆಟಕ್ಕೆ ಸಲ್ಲಬೇಕಾದ ಮನ್ನಣೆ ಸಂದಿದೆಯೆ?

ಅಂಕಣಪ್ರಿಯ:

ಪುರುಷರ ಸಿಂಗಲ್ಸ್ ಬ್ಯಾಡ್ಮಿಂಟನ್‌ನ ಈಚಿನ ಇತಿಹಾಸದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆಗಳು ಚೀನಾದ ಲಿನ್ ಡಾನ್ ಮತ್ತು ಮಲೇಷ್ಯಾದ ಲೀ ಚಾಂಗ್ ವೀ ಅವರಿಂದ ಹೊರಟು, ಜಪಾನ್‌ನ ಕೆಂಟೊ ಮೊಮೊಟ ಅವರನ್ನು ಹಾದು, ಡೆನ್ಮಾರ್ಕ್‌ನ ವಿಕ್ಟರ್ ಆಕ್ಸೆಲ್ಸನ್ ಅವರಲ್ಲಿಗೆ ಬಂದು ನಿಲ್ಲುತ್ತವೆ. ಇವರೆಲ್ಲರ ನಡುವೆ ಚೀನಾದ ಒಬ್ಬ ಆಟಗಾರರು ಎರಡು ಬಾರಿ ವಿಶ್ವ ಚಾಂಪಿಯನ್, ಎರಡು ಬಾರಿ ಆಲ್ ಇಂಗ್ಲೆಂಡ್ ಚಾಂಪಿಯನ್ ಆದರು. ಮೂರು ಒಲಿಂಪಿಕ್ಸ್‌ಗಳಲ್ಲಿ ಕ್ರಮವಾಗಿ ಕಂಚು, ಚಿನ್ನ, ಬೆಳ್ಳಿ ಗೆದ್ದು 2023ರ ಮೇ ತಿಂಗಳಲ್ಲಿ ಸುಝೌ ನಗರದಲ್ಲಿ ಮಿಶ್ರ ತಂಡಗಳ ವಿಶ್ವ ಟೂರ್ನಿಯಾದ ಸುದೀರ್ಮನ್ ಕಪ್ ನಡೆಯುತ್ತಿದ್ದಾಗ ವಿದಾಯ ಹೇಳಿದರು. ಪುರುಷರ ಸಿಂಗಲ್ಸ್‌ನಲ್ಲಿ ಒಲಿಂಪಿಕ್ಸ್‌ನ ಮೂರೂ ಬಗೆಯ ಪದಕಗಳನ್ನು ಪಡೆದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಆದರೂ ಚೆನ್ ಲಾಂಗ್ ಅವರ ಹೆಸರು ಬಂದರೆ ಒಂದು ವಾಕ್ಯ ಬರೆದು ಮುಂದೆ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ.

ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ಅವರು ಹುಟ್ಟಿದ್ದು 1989ರ ಜನವರಿ 18ರಂದು, ಹುಬೈ ಪ್ರಾಂತ್ಯದ ಜಿಂಗ್‌ಝೌ ನಗರದ ಶಾಶಿಯಲ್ಲಿ. ಬಾಲ್ಯದಲ್ಲಿಯೇ ಅಲ್ಲಿಂದ ದೂರದ ಫುಜಿಯಾನ್ ಪ್ರಾಂತ್ಯದ ಶಿಯಾಮೆನ್‌ಗೆ ಹೋಗಿ ಅಲ್ಲಿಯೇ ತರಬೇತಿ ಪಡೆದರು. ಲಿನ್ ಡಾನ್ ಅವರ ಹುಟ್ಟೂರು ಇರುವುದೂ ಅದೇ ಫುಜಿಯಾನ್‌ನಲ್ಲಿ. 2007ರಲ್ಲಿ ಏಷ್ಯಾ ಕಿರಿಯರ ಪ್ರಶಸ್ತಿಯನ್ನೂ, ನ್ಯೂಜಿಲೆಂಡ್‌ನ ವೈಟಾಕೆರೆಯಲ್ಲಿ ನಡೆದ ವಿಶ್ವ ಕಿರಿಯರ ಪ್ರಶಸ್ತಿಯನ್ನೂ ಗೆದ್ದರು. ಆಗ ಹಿರಿಯರ ತಂಡದಲ್ಲಿ ಲಿನ್ ಡಾನ್, ಬಾವೊ ಚುನ್‌ಲೈ, ಚೆನ್ ಜಿನ್ ಮೂವರೂ ಇದ್ದರು. ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಹದಿನೆಂಟರ ವಯಸ್ಸಿಗೇ ಮೊದಲ ಆಯ್ಕೆಯ ಆಟಗಾರನಾಗುತ್ತಿದ್ದ ಹುಡುಗ ಚೀನಾದಲ್ಲಿ ನಾಲ್ಕನೆಯವನಾಗಿ ಕಾಯಬೇಕಾಯಿತು.

ನನ್ನ ಪ್ರಶ್ನೆ ಇಷ್ಟೆ. ಅವರು ಕಡಿಮೆ ಮೆಚ್ಚುಗೆ ಪಡೆದದ್ದು ಸಾಧನೆ ಕಡಿಮೆಯಾದ್ದರಿಂದಲೋ, ಅಥವಾ ಅವರು ಗೆದ್ದ ರೀತಿ ನೋಡುಗರಿಗೆ ಒಗ್ಗದ್ದರಿಂದಲೋ? ಅವರ ಪಂದ್ಯಗಳನ್ನು ಪೂರ್ತಿಯಾಗಿ ನೋಡಿದವರು ಉತ್ತರಿಸಿದರೆ ಸಂತೋಷ.

ವರದಾತೀರ:

ಅಂಕಣಪ್ರಿಯ ಅವರೇ, ನೀವು ಕೊಟ್ಟ ಪಟ್ಟಿಯಲ್ಲಿ ಒಂದು ಪದಕವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪದಕಗಳು ಬಂದ ಸಂದರ್ಭಗಳನ್ನೂ ನೋಡಬೇಕು. 2014ರ ಕೋಪನ್‌ಹೇಗನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಲಿನ್ ಡಾನ್ ಆಡಲೇ ಇಲ್ಲ. ಫೈನಲ್‌ನಲ್ಲಿ ಸೋತ ಲೀ ಚಾಂಗ್ ವೀ ಅವರ ಮಾದರಿಯಲ್ಲಿ ನಿಷೇಧಿತ ಔಷಧವಾದ ಡೆಕ್ಸಾಮೆಥಸೋನ್ ಅಂಶ ಕಂಡುಬಂದು ಅವರ ಬೆಳ್ಳಿಯನ್ನು ಹಿಂದಕ್ಕೆ ಪಡೆಯಲಾಯಿತು. 2015ರ ಜಕಾರ್ತದಲ್ಲಿ ಲಿನ್ ಡಾನ್ ಅವರನ್ನು ಕ್ವಾರ್ಟರ್‌ಫೈನಲ್‌ನಲ್ಲಿಯೇ ಡೆನ್ಮಾರ್ಕ್‌ನ ಯಾನ್ ಯೋರ್ಗೆನ್ಸನ್ ಮನೆಗೆ ಕಳುಹಿಸಿದ್ದರು. ಲೀ ಆಗಷ್ಟೆ ಎಂಟು ತಿಂಗಳ ನಿಷೇಧ ಮುಗಿಸಿ ಬಂದಿದ್ದರು. 2016ರ ರಿಯೊದಲ್ಲಿ ಲಿನ್ ಮತ್ತು ಲೀ ಸೆಮಿಫೈನಲ್‌ನಲ್ಲಿಯೇ ಎದುರಾಗಿ ಒಬ್ಬರನ್ನೊಬ್ಬರು ಹಿಂಡಿಹಾಕಿದರು. ಮೂರನೆಯ ಗೇಮ್ 22-20ರವರೆಗೆ ಹೋದ ಆ ಪಂದ್ಯದ ಮರುದಿನವೇ ಲೀ ಫೈನಲ್‌ಗೆ ಇಳಿಯಬೇಕಾಯಿತು.

ಮತ್ತೊಂದು ಕಡೆ, ಲಿನ್ ಡಾನ್ ದೊಡ್ಡ ವೇದಿಕೆಯಲ್ಲಿ ಎದುರಿಗೆ ನಿಂತಾಗ ಏನಾಯಿತು? 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಮೊದಲ ಗೇಮ್ ಅನ್ನು ಸುಲಭವಾಗಿ ಗೆದ್ದ ಚೆನ್ ಲಾಂಗ್ ಉಳಿದೆರಡನ್ನು 16-21, 16-21ರಲ್ಲಿ ಕಳೆದುಕೊಂಡರು. ವಿಶ್ವ ಚಾಂಪಿಯನ್ ಆಗಿ ಕೆಲವೇ ವಾರಗಳಾಗಿದ್ದವು, ಎದುರಾಳಿಗೆ ವಯಸ್ಸು ಮೂವತ್ತು ದಾಟಿತ್ತು.

ನೋಡುವ ಸುಖದ ಬಗ್ಗೆಯೂ ಹೇಳಬೇಕು. ಕಾಕ್ (ಶಟಲ್) ಅನ್ನು ಹಿಂದಕ್ಕೆ ಎತ್ತುವುದು, ಮತ್ತೆ ಎತ್ತುವುದು, ಎದುರಾಳಿ ತಪ್ಪುವವರೆಗೆ ಕಾಯುವುದು: ಇದನ್ನು ಗೌರವಿಸಬಹುದು, ಆದರೆ ಲಿನ್ ಡಾನ್ ಅವರ ಎಡಗೈ ಹೊಡೆತವನ್ನೋ ತೌಫಿಕ್ ಹಿದಾಯತ್ ಅವರ ಬ್ಯಾಕ್‌ಹ್ಯಾಂಡ್ ಅನ್ನೋ ಪ್ರೀತಿಸಿದಂತೆ ಪ್ರೀತಿಸುವುದು ನನಗಂತೂ ಕಷ್ಟ.

ಎತ್ತರದ ಟಾಸ್:

ನಾನು ಹಲವು ವರ್ಷಗಳಿಂದ ಮಕ್ಕಳಿಗೆ ಈ ಆಟ ಕಲಿಸುತ್ತಿರುವವಳು, ಚೆನ್ ಲಾಂಗ್ ಅವರ ಪಂದ್ಯಗಳನ್ನು ಪಾಠಕ್ಕೆಂದೇ ಮತ್ತೆ ಮತ್ತೆ ನೋಡಿದವಳು. ಹಾಗಾಗಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ವರದಾತೀರ ಅವರು ತಾಳ್ಮೆಯಿಂದ ಓದಬೇಕು.

ಮೊದಲು ಸಂದರ್ಭಗಳ ಮಾತು. ಕೋಪನ್‌ಹೇಗನ್ ಫೈನಲ್‌ನ ಅಂಕಗಳು 21-19, 21-19. ಎದುರಾಳಿಯ ಮಾದರಿಯಲ್ಲಿ ನಿಷೇಧಿತ ಅಂಶ ಸಿಕ್ಕಿದ್ದು ಆಮೇಲಿನ ಸಂಗತಿ. ಅದು ವಂಚನೆಯ ಉದ್ದೇಶದಿಂದ ಆದದ್ದಲ್ಲ ಎಂದು ವಿಚಾರಣಾ ಸಮಿತಿಯೇ ಒಪ್ಪಿದ್ದರಿಂದ ಲೀ ಅವರ ಗೌರವಕ್ಕೆ ಕುಂದಿಲ್ಲ. ಆದರೆ ಆ ದಿನ ಅಂಕಣದಲ್ಲಿದ್ದ ಲೀ ಅವರನ್ನು ಎರಡು ಗೇಮ್‌ಗಳಲ್ಲಿ ಸೋಲಿಸಿದವರ ಗೆಲುವು ಈ ಕಾರಣದಿಂದ ಹೇಗೆ ಚಿಕ್ಕದಾಗುತ್ತದೆ ಎಂಬುದು ನನಗೆ ಅರ್ಥವಾಗಿಲ್ಲ. 2015ರ ಲೀ ದುರ್ಬಲರಾಗಿದ್ದರು ಎನ್ನುವುದಾದರೆ, ಅದೇ ವರ್ಷದ ನವೆಂಬರಿನಲ್ಲಿ ಚೀನಾ ಓಪನ್ ಫೈನಲ್‌ನಲ್ಲಿ ಚೆನ್ ಲಾಂಗ್ ಅವರನ್ನು ಅವರ ನೆಲದಲ್ಲಿಯೇ ಸೋಲಿಸಿದವರು ಇದೇ ಲೀ. 2016ರ ಏಪ್ರಿಲ್‌-ಮೇ ವೇಳೆಗೆ ವುಹಾನ್‌ನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿಯೂ ಲೀ ಗೆದ್ದರು. ಅಂದರೆ ರಿಯೊ ಫೈನಲ್‌ಗೆ ಬಂದಾಗ ಈಚಿನ ದೊಡ್ಡ ಗೆಲುವುಗಳೆಲ್ಲ ಲೀ ಅವರ ಬಳಿಯಲ್ಲಿದ್ದವು. ಅಂಥ ಎದುರಾಳಿಯನ್ನು 21-18, 21-18ರಲ್ಲಿ ಮಣಿಸುವುದಕ್ಕೆ ಅವರ ಹಿಂದಿನ ದಿನದ ದಣಿವೊಂದೇ ಸಾಲದು. ಹಿಂದಿನ ದಿನ ಚೆನ್ ಲಾಂಗ್ ಆಕ್ಸೆಲ್ಸನ್ ಅವರನ್ನು 21-14, 21-15ರಲ್ಲಿ ಮುಗಿಸಿ ಕಾಲುಗಳನ್ನು ಉಳಿಸಿಕೊಂಡಿದ್ದರು ಎಂಬುದೂ ಅವರ ಆಟದ ಗುಣವೇ.

ಇನ್ನು ನೋಡುವ ಸುಖ. 2006ರಲ್ಲಿ 21 ಅಂಕಗಳ ಪದ್ಧತಿ ಬಂದ ಮೇಲೆ ಸರ್ವಿಸ್ ಯಾರದ್ದೇ ಇರಲಿ, ಪ್ರತಿ ತಪ್ಪಿಗೂ ಒಂದು ಅಂಕ ಹೋಗುತ್ತದೆ. ಹಳೆಯ 15ರ ಪದ್ಧತಿಯಲ್ಲಿ ತನ್ನ ಸರ್ವಿಸ್‌ನಲ್ಲಿ ತಪ್ಪು ಮಾಡಿದರೆ ಸರ್ವಿಸ್ ಮಾತ್ರ ಹೋಗುತ್ತಿತ್ತು. ಚೆನ್ ಲಾಂಗ್ ಅವರ ಹಿರಿಯರ ಆಟವೆಲ್ಲ ಹೊಸ ಪದ್ಧತಿಯಲ್ಲಿಯೇ ನಡೆದದ್ದು, ಮತ್ತು ಆ ಪದ್ಧತಿಯ ಲೆಕ್ಕವನ್ನು ಅವರಷ್ಟು ಆಳವಾಗಿ ಅರಿತವರು ಆ ಕಾಲದಲ್ಲಿ ಕಡಿಮೆ. ಅವರ ಕ್ಲಿಯರ್, ಅಂದರೆ ಕಾಕ್ ಅನ್ನು ಎತ್ತರಕ್ಕೆ ಎದುರಾಳಿಯ ಹಿಂದಕ್ಕೆ ಕಳುಹಿಸುವ ಹೊಡೆತ, ಹಿಂದಿನ ಗೆರೆಯಿಂದ ಒಂದು ಗೇಣಿನಷ್ಟು ಒಳಗೆ ಬೀಳುತ್ತಿತ್ತು. ಅಲ್ಲಿಂದ ಎದುರಾಳಿ ಸ್ಮ್ಯಾಷ್ (ಮೇಲಿನಿಂದ ಕೆಳಕ್ಕೆ ಬಲವಾದ ಹೊಡೆತ) ಹೊಡೆದರೆ ಕಾಕ್ ಇಡೀ ಅಂಕಣ ದಾಟಿ ಬರುವಷ್ಟರಲ್ಲಿ ವೇಗ ಕಳೆದುಕೊಂಡಿರುತ್ತದೆ, ಹೊಡೆದವರು ಮಾತ್ರ ನೆಟ್‌ಗೆ ಓಡಿಬರಬೇಕಾಗುತ್ತದೆ. ನೋಡುಗರಿಗೆ ಇದು ಕಾಯುವಿಕೆಯಂತೆ ಕಂಡರೂ ಎದುರಾಳಿಗೆ ಅದು ಪ್ರತಿ ಸಲವೂ ಹಿಂದೆ ಮುಂದೆ ಓಡಿಸುವ ಹೊಡೆತ. ನಾಲ್ಕೈದು ಸಲ ಹೀಗಾದ ಮೇಲೆ ಎದುರಾಳಿಯ ಟಾಸ್ (ಎತ್ತರಕ್ಕೆ ಎತ್ತುವ ಹೊಡೆತ) ಅರ್ಧ ಅಂಕಣದಲ್ಲಿ ಬೀಳುತ್ತದೆ. ಆಗ 1.87 ಮೀಟರ್ ಎತ್ತರದ ಮನುಷ್ಯನ ಕೈಯಿಂದ ಬರುವ ಸ್ಮ್ಯಾಷ್‌ನ ಇಳಿಜಾರನ್ನು ನೋಡಿ, ಇವರು ಹೊಡೆಯಲು ಬಾರದವರಲ್ಲ, ಹೊಡೆಯಬೇಕಾದ ಗಳಿಗೆಯನ್ನು ಆರಿಸಿಕೊಳ್ಳುವವರು ಎಂಬುದು ತಿಳಿಯುತ್ತದೆ.

ಎತ್ತರದವರಿಗೆ ರಕ್ಷಣೆಯ ಆಟ ಸಹಜವಾಗಿ ಒಲಿಯುವುದಿಲ್ಲ ಎಂಬುದನ್ನೂ ಹೇಳಲೇಬೇಕು. ದೇಹಕ್ಕೆ ನೇರವಾಗಿ ಬರುವ ಸ್ಮ್ಯಾಷ್, ಸೊಂಟದ ಬಳಿ ಬರುವ ಹೊಡೆತ, ನೆಟ್ ಬಳಿ ನೆಲಕ್ಕೆ ಬಗ್ಗಿ ಎತ್ತಬೇಕಾದ ಡ್ರಾಪ್, ಇವೆಲ್ಲ ಉದ್ದ ಕೈಕಾಲಿನವರನ್ನು ಕಾಡುತ್ತವೆ. ಅದಕ್ಕೇ ಎತ್ತರದ ಆಟಗಾರರನ್ನು ಬಹುತೇಕ ಕೋಚ್‌ಗಳು ದಾಳಿಗೇ ಬೆಳೆಸುತ್ತಾರೆ. ಚೆನ್ ಲಾಂಗ್ ಅವರ ರಕ್ಷಣೆ ವರ್ಷಗಟ್ಟಲೆ ಕಾಲಿನ ಅಭ್ಯಾಸದಿಂದ ಕಟ್ಟಿಕೊಂಡದ್ದು. 2003ರ ವಿಶ್ವ ಚಾಂಪಿಯನ್ ಶಿಯಾ ಶುವಾನ್‌ಝೆ ರಾಷ್ಟ್ರೀಯ ತಂಡದ ಸಿಂಗಲ್ಸ್ ಕೋಚ್ ಆಗಿದ್ದ ಅವಧಿಯಲ್ಲಿ ಅದು ಪಕ್ವವಾಯಿತು. ಒಂದು ರ್‍ಯಾಲಿಯಲ್ಲಿ ಕಾಕ್ ಬಿಟ್ಟು ಅವರ ಪಾದಗಳನ್ನೇ ನೋಡಿರಿ. ಹೊಡೆದ ಮೇಲೆ ನಡುವಿಗೆ ಮರಳುವಾಗ ಅವರು ಆತುರಪಡುವುದೇ ಇಲ್ಲ, ಆದರೆ ಎದುರಾಳಿಯ ರ್‍ಯಾಕೆಟ್ ಕಾಕ್ ಅನ್ನು ಮುಟ್ಟುವ ಹೊತ್ತಿಗೆ ಎರಡೂ ಪಾದಗಳು ಸಿದ್ಧವಾಗಿರುತ್ತವೆ. ನನ್ನ ಮಟ್ಟಿಗೆ ಇದಕ್ಕಿಂತ ಸುಂದರವಾದದ್ದು ಈ ಆಟದಲ್ಲಿ ಹೆಚ್ಚೇನಿಲ್ಲ.

ಹಳೆಯ ರ್‍ಯಾಕೆಟ್:

ಎತ್ತರದ ಟಾಸ್ ಅವರ ಬರಹ ಓದಿ ಮನಸ್ಸು ತುಂಬಿತು. ಎಪ್ಪತ್ತರ ದಶಕದ ಕೊನೆಯಿಂದ ಈ ಆಟವನ್ನು ಅನುಸರಿಸುತ್ತಿರುವ ನನ್ನಂಥವರಿಗೆ ತಾಳ್ಮೆಯ ಆಟ ಎಂದೊಡನೆ ನೆನಪಾಗುವುದು ನಮ್ಮ ಪ್ರಕಾಶ್ ಪಡುಕೋಣೆ ಅವರೇ. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರ ಜಿಗಿತದ ಸ್ಮ್ಯಾಷ್‌ಗೆ ಇಡೀ ಜಗತ್ತು ಅಂಜುತ್ತಿದ್ದಾಗ, ಅವರು ಬಯಸಿದ ವೇಗವನ್ನೇ ಕೊಡದೆ 15-3, 15-10ರಲ್ಲಿ ಗೆದ್ದವರು ಪ್ರಕಾಶ್. ಮರುವರ್ಷ ಕ್ವಾಲಾಲಂಪುರದಲ್ಲಿ ನಡೆದ ವಿಶ್ವಕಪ್‌ನ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಚೀನಾದ ಹಾನ್ ಜಿಯಾನ್ ಅವರನ್ನು. ಅದೇ ಹಾನ್ ಜಿಯಾನ್ 1985ರಲ್ಲಿ ಕ್ಯಾಲ್ಗರಿಯಲ್ಲಿ ಡೆನ್ಮಾರ್ಕ್‌ನ ಮಾರ್ಟೆನ್ ಫ್ರಾಸ್ಟ್ ಅವರನ್ನು ಸೋಲಿಸಿ ಚೀನಾದ ಮೊದಲ ಪುರುಷರ ಸಿಂಗಲ್ಸ್ ವಿಶ್ವ ಚಾಂಪಿಯನ್ ಆದರು. ಹಾನ್ ಜಿಯಾನ್ ಕೂಡ ಸುಲಭಕ್ಕೆ ಸೋಲದ, ಎಷ್ಟು ಹೊತ್ತಾದರೂ ರ್‍ಯಾಲಿಯಲ್ಲಿ ನಿಲ್ಲಬಲ್ಲ ಆಟಗಾರರು. ಚೀನಾ ಎಂದರೆ ವೇಗ ಮತ್ತು ದಾಳಿ ಎಂದು ಎಲ್ಲರೂ ಹೇಳುತ್ತಾರೆ. ಹಾನ್ ಜಿಯಾನ್ ಅವರಿಂದ ಚೆನ್ ಲಾಂಗ್ ಅವರವರೆಗೆ ಹರಿದುಬಂದ ಇನ್ನೊಂದು ಧಾರೆಯೂ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ ಪ್ರಕಾಶ್ ಅವರ ಗರಡಿಯಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಸೋಲಿಸಿದ್ದೂ ಚೀನಾದವರನ್ನೇ, ಚೆನ್ ಹಾಂಗ್ ಅವರನ್ನು, 15-12, 15-6ರಲ್ಲಿ. ಆ ದಿನಗಳಲ್ಲಿ ಚೀನಾದ ಆಟಗಾರರನ್ನು ನಾವು ಎದುರಾಳಿಗಳಾಗಿ ಮಾತ್ರ ಕಂಡೆವು, ಅವರ ಆಟವನ್ನು ಕೂತು ಓದುವ ಅವಕಾಶ ಇರಲಿಲ್ಲ. ಈಗ ಪಂದ್ಯಗಳೆಲ್ಲ ಕೈಯಲ್ಲಿರುವ ಫೋನಿನಲ್ಲೇ ಸಿಗುತ್ತವೆ. ಪ್ರಕಾಶ್ ಅವರ ತಾಳ್ಮೆಗೂ ಚೆನ್ ಲಾಂಗ್ ಅವರ ತಾಳ್ಮೆಗೂ ಹೋಲಿಕೆ ಮಾಡಬಹುದೆ ಎಂದು ಬಲ್ಲವರು ಹೇಳಬೇಕು.

ಎತ್ತರದ ಟಾಸ್:

ಹಿರಿಯರಾದ ತಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಎದುರಾಳಿಯ ವೇಗಕ್ಕೆ ತಾನು ಹೊಂದಿಕೊಳ್ಳದೆ ತನ್ನ ಲಯಕ್ಕೆ ಅವನನ್ನು ಎಳೆಯುವುದು ಇಬ್ಬರಲ್ಲೂ ಇದೆ. ಅದನ್ನು ಸಾಧಿಸುವ ದಾರಿ ಬೇರೆ. ಪ್ರಕಾಶ್ ಅವರ ಕೈಚಳಕದಲ್ಲಿ ಎದುರಾಳಿಗೆ ಹೊಡೆತ ಎಲ್ಲಿಗೆ ಹೋಗುತ್ತದೆಂದು ಕೊನೆಯ ಕ್ಷಣದವರೆಗೆ ಗೊತ್ತಾಗುತ್ತಿರಲಿಲ್ಲ. ಮಣಿಕಟ್ಟಿನಲ್ಲಿ ಹಿಡಿದಿಟ್ಟು ಬಿಡುತ್ತಿದ್ದ ಅರ್ಧ ಅಂಕಣದ ಹೊಡೆತಗಳು ಅವರದ್ದೇ ಸೊತ್ತು. ಚೆನ್ ಲಾಂಗ್ ಅವರಲ್ಲಿ ವಂಚನೆಯ ಹೊಡೆತ ಕಡಿಮೆ. ಕಾಕ್ ಎಲ್ಲಿಗೆ ಬರುತ್ತದೆಂದು ಎದುರಾಳಿಗೆ ತಿಳಿದಿರುತ್ತದೆ, ಆದರೂ ಅದನ್ನು ಅಂಕವಾಗಿಸಲು ಆಗುವುದಿಲ್ಲ, ಏಕೆಂದರೆ ಅದು ಬೀಳುವ ಜಾಗ ಅಷ್ಟು ಕರಾರುವಾಕ್ಕಾಗಿರುತ್ತದೆ. ಮಕ್ಕಳಿಗೆ ಕಲಿಸುವಾಗ ಮೊದಲಿನದ್ದನ್ನು ತೋರಿಸಿ ಬೆರಗುಗೊಳಿಸಬಹುದು, ಎರಡನೆಯದನ್ನು ಮಾತ್ರ ನಿಜವಾಗಿ ಕಲಿಸಬಹುದು.

ಕರಾವಳಿಯಿಂದ:

ಇಷ್ಟೆಲ್ಲ ಮೆಚ್ಚುಗೆಯ ನಡುವೆ ಒಂದು ಸೋಲನ್ನೂ ದಾಖಲಿಸುತ್ತೇನೆ, ಏಕೆಂದರೆ ಅದು ನಡೆದದ್ದು ನಮ್ಮ ದೇಶದಲ್ಲಿಯೇ. 2014ರ ಮೇ ತಿಂಗಳಲ್ಲಿ ಪುರುಷರ ತಂಡಗಳ ವಿಶ್ವ ಟೂರ್ನಿಯಾದ ಥಾಮಸ್ ಕಪ್ ದೆಹಲಿಯ ಸಿರಿ ಫೋರ್ಟ್ ಕ್ರೀಡಾ ಸಂಕೀರ್ಣದಲ್ಲಿ ನಡೆಯಿತು. 2004ರಿಂದ 2012ರವರೆಗೆ ಸತತ ಐದು ಬಾರಿ ಗೆದ್ದಿದ್ದ ಚೀನಾ ಸೆಮಿಫೈನಲ್‌ನಲ್ಲಿ ಜಪಾನ್‌ಗೆ ಎದುರಾಯಿತು. ಮೊದಲ ಪಂದ್ಯದ ಹೊಣೆ ಚೆನ್ ಲಾಂಗ್ ಅವರದ್ದು. ಅವರು ಕೆನಿಚಿ ಟಾಗೊ ಅವರಿಗೆ ನೇರ ಗೇಮ್‌ಗಳಲ್ಲಿ ಸೋತರು, ಆಮೇಲೆ ಡಬಲ್ಸ್ ಹೋಯಿತು, ಎರಡನೆಯ ಸಿಂಗಲ್ಸ್‌ನಲ್ಲಿ ಹತ್ತೊಂಬತ್ತರ ಮೊಮೊಟ ಅವರು ಡು ಪೆಂಗ್ಯು ಅವರನ್ನು ಸೋಲಿಸಿದರು. ಒಂದು ಪಂದ್ಯವನ್ನೂ ಗೆಲ್ಲದೆ ಚೀನಾ ಹೊರಬಿತ್ತು, ಜಪಾನ್ ಕಪ್ಪನ್ನೇ ಗೆದ್ದಿತು.

ಟಾಗೊ ಅವರ ಹೆಸರನ್ನು ಗಮನಿಸಿ. 2007ರಲ್ಲಿ ವೈಟಾಕೆರೆಯ ಕಿರಿಯರ ಫೈನಲ್‌ನಲ್ಲಿ ಚೆನ್ ಲಾಂಗ್ ಸೋಲಿಸಿದ್ದು ಇದೇ ಟಾಗೊ ಅವರನ್ನು. ಏಳು ವರ್ಷಗಳ ನಂತರ ತಂಡದ ಭಾರವೆಲ್ಲ ಹೆಗಲ ಮೇಲಿದ್ದ ದಿನ ಅದೇ ಎದುರಾಳಿಗೆ ಸೋಲಬೇಕಾಯಿತು. ಆ ಸೋಲಿನ ನಂತರ ಮೂರೂವರೆ ತಿಂಗಳೊಳಗೆ ಅವರು ಕೋಪನ್‌ಹೇಗನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ವರದಾತೀರ ಅವರು ಹೇಳಿದ ಅದೃಷ್ಟದ ಮಾತನ್ನು ನಾನು ಒಪ್ಪದಿರುವುದು ಮುಖ್ಯವಾಗಿ ಇದಕ್ಕೆ. ದೆಹಲಿಯಂಥ ಸೋಲು ಚೀನಾದ ತಂಡದಲ್ಲಿದ್ದವರಿಗೆ ಹೊರಗಿನಿಂದ ಎಂಥ ಟೀಕೆ ತಂದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅದರ ಕೆಳಗೆ ಕುಸಿಯದೆ ಆಡಿದವರಿಗೆ ಸಿಕ್ಕದ್ದನ್ನು ಅದೃಷ್ಟ ಎನ್ನಲು ನನಗೆ ಮನಸ್ಸು ಬಾರದು.

ವರದಾತೀರ:

ಟಾಗೊ ಅವರ ಸಂಗತಿ ನಿಜಕ್ಕೂ ಗಮನಾರ್ಹ. ಕೋಪನ್‌ಹೇಗನ್ ಅಂಕಗಳ ಬಗ್ಗೆ ಎತ್ತರದ ಟಾಸ್ ಅವರು ಹೇಳಿದ ತರ್ಕಕ್ಕೂ ನನ್ನ ಬಳಿ ಎದುರು ಮಾತಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಶ್ರೇಷ್ಠ ಆಟಗಾರರು ಶಿಖರ ಮುಟ್ಟಿದ ಮೇಲೆಯೂ ಕೆಲಕಾಲ ಅಲ್ಲಿಯೇ ನಿಲ್ಲುತ್ತಾರೆ. ಲಿನ್ ಡಾನ್ 2008ರ ಚಿನ್ನದ ನಂತರ 2012ರಲ್ಲಿಯೂ ಗೆದ್ದರು, ನಡುವೆ ವಿಶ್ವ ಪ್ರಶಸ್ತಿಗಳನ್ನೂ ಗೆದ್ದರು. ರಿಯೊ ನಂತರ ಚೆನ್ ಲಾಂಗ್ ಮತ್ತೊಂದು ವಿಶ್ವ ಪ್ರಶಸ್ತಿಯನ್ನೋ ಆಲ್ ಇಂಗ್ಲೆಂಡ್ ಅನ್ನೋ ಗೆಲ್ಲಲಿಲ್ಲ. ಈ ಐದು ವರ್ಷಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಅಂಕಣಪ್ರಿಯ:

ನಾನು ಈ ಚರ್ಚೆ ಆರಂಭಿಸಿದ್ದೇ ಆ ಐದು ವರ್ಷಗಳ ಸಲುವಾಗಿ ಎಂದರೂ ತಪ್ಪಿಲ್ಲ. ನನ್ನ ದೃಷ್ಟಿಯಲ್ಲಿ ಚೆನ್ ಲಾಂಗ್ ಅವರ ವೃತ್ತಿಜೀವನದ ಅತ್ಯಂತ ಬೆಲೆಯುಳ್ಳ ಭಾಗ ಅದೇ.

2017 ಅವರಿಗೆ ಕಷ್ಟದ ವರ್ಷ. ಏಪ್ರಿಲ್‌ನಲ್ಲಿ ವುಹಾನ್‌ನಲ್ಲಿ, ತಮ್ಮ ಹುಟ್ಟೂರಿನ ಪ್ರಾಂತ್ಯದಲ್ಲಿಯೇ, ಲಿನ್ ಡಾನ್ ಅವರನ್ನು ಮೂರು ಗೇಮ್‌ಗಳಲ್ಲಿ ಸೋಲಿಸಿ ಏಷ್ಯಾ ಚಾಂಪಿಯನ್ ಆದರು. ಮೊದಲ ಗೇಮ್ 21-23ರಲ್ಲಿ ಹೋದ ಮೇಲೆ ಉಳಿದೆರಡನ್ನು 21-11, 21-10ರಲ್ಲಿ ಗೆದ್ದರು. ಲಿನ್ ಎದುರು ನಿಂತಾಗ ಏನಾಯಿತು ಎಂಬ ವರದಾತೀರ ಅವರ ಪ್ರಶ್ನೆಗೆ ಇದೂ ಒಂದು ಉತ್ತರ. ಆದರೆ ಜೂನ್‌ನಲ್ಲಿ ಸಿಡ್ನಿಯ ಆಸ್ಟ್ರೇಲಿಯಾ ಓಪನ್ ಫೈನಲ್‌ನಲ್ಲಿ ಕಿದಂಬಿ ಶ್ರೀಕಾಂತ್ 22-20, 21-16ರಲ್ಲಿ ಅವರನ್ನು ಸೋಲಿಸಿದರು. ಅದನ್ನು ನಾವೆಲ್ಲ ಸಂಭ್ರಮದಿಂದ ನೋಡಿದೆವು, ಸಂಭ್ರಮಿಸಬೇಕಾದ ಗೆಲುವೇ ಅದು. ಆಗಸ್ಟ್‌ನಲ್ಲಿ ಗ್ಲಾಸ್ಗೊ ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಆಕ್ಸೆಲ್ಸನ್ 21-9, 21-10ರಲ್ಲಿ ಗೆದ್ದರು. ಒಂದು ವರ್ಷದ ಹಿಂದೆ ರಿಯೊದಲ್ಲಿ ಚೆನ್ ಲಾಂಗ್ ಅವರ ರಕ್ಷಣೆಯನ್ನು ಭೇದಿಸಲಾಗದೆ ನಿಂತಿದ್ದ ಹುಡುಗ, ಅದೇ ರಕ್ಷಣೆಯ ಮೇಲೆ ಇನ್ನಷ್ಟು ಎತ್ತರದಿಂದ, ಇನ್ನಷ್ಟು ಬಲದಿಂದ ಎರಗುವುದನ್ನು ಕಲಿತು ಬಂದಿದ್ದರು. ಅದೇ ವರ್ಷದ ಕೊನೆಯಲ್ಲಿ ಚೆನ್ ಲಾಂಗ್ ಮತ್ತು ವಾಂಗ್ ಶಿಶಿಯಾನ್ ಅವರ ವಿವಾಹವಾಯಿತು. ಮಹಿಳೆಯರ ಸಿಂಗಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನದಲ್ಲಿದ್ದು, ಎರಡು ಬಾರಿ ಆಲ್ ಇಂಗ್ಲೆಂಡ್ ಗೆದ್ದಿದ್ದ ವಾಂಗ್ ಅವರನ್ನು ಇಲ್ಲಿನ ಹಲವರು ನೆನಪಿಟ್ಟಿರಬಹುದು.

2018ರಲ್ಲಿ ಕಾಕ್ ಅನ್ನು ಸರ್ವ್ ಮಾಡುವಾಗ ನೆಲದಿಂದ 1.15 ಮೀಟರ್‌ಗಿಂತ ಕೆಳಗೇ ಹೊಡೆಯಬೇಕೆಂಬ ನಿಯಮ ಬಂದು ಎತ್ತರದ ಆಟಗಾರರೆಲ್ಲ ತಮ್ಮ ಸರ್ವಿಸ್ ಬದಲಿಸಿಕೊಳ್ಳಬೇಕಾಯಿತು. ಅದೇ ವರ್ಷ ಮೊಮೊಟ ಮೇಲೆದ್ದರು. ಚೆನ್ ಲಾಂಗ್ ಅವರ ಆಯುಧವಾದ ತಾಳ್ಮೆಯನ್ನು ಇನ್ನೂ ಚುರುಕಾದ ಕಾಲುಗಳೊಡನೆ ಬಳಸಬಲ್ಲವರು ಎದುರಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಆ ವರ್ಷದ ಏಷ್ಯಾ ಚಾಂಪಿಯನ್‌ಷಿಪ್ ಫೈನಲ್ ತೋರಿಸಿತು. ನಾನ್‌ಜಿಂಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಮ್ಮದೇ ತಂಡದ ಕಿರಿಯ ಶಿ ಯೂಕಿ ಅವರಿಗೆ ಸೆಮಿಫೈನಲ್‌ನಲ್ಲಿ ಸೋತು ಕಂಚಿಗೆ ತೃಪ್ತರಾದರು. 2019ರ ಏಪ್ರಿಲ್‌ನಲ್ಲಿ ಮಲೇಷ್ಯಾ ಓಪನ್ ಫೈನಲ್‌ನಲ್ಲಿ ಮೊದಲ ಗೇಮ್ 21-9ರಲ್ಲಿ ಗೆದ್ದೂ ಲಿನ್ ಡಾನ್ ಅವರಿಗೆ ಸೋತರು. ಮೂವತ್ತು ತುಂಬಿದ ಆಟಗಾರನ ಕಥೆ ಇಲ್ಲಿಗೆ ಮುಗಿಯಿತು ಎಂದು ಬಹಳ ಜನ ಬರೆದದ್ದು ಸಹಜವೇ ಆಗಿತ್ತು.

ಆಮೇಲೆ ಸಾಂಕ್ರಾಮಿಕ ಬಂತು. 2020ರ ಮಾರ್ಚ್‌ನ ಆಲ್ ಇಂಗ್ಲೆಂಡ್ ನಂತರ ಚೀನಾ ತನ್ನ ಆಟಗಾರರನ್ನು ಹೊರದೇಶದ ಟೂರ್ನಿಗಳಿಗೆ ಕಳುಹಿಸಲೇ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಒಂದು ಅಂತರರಾಷ್ಟ್ರೀಯ ಪಂದ್ಯವಾಡದೆ, ಮೂವತ್ತೆರಡರ ವಯಸ್ಸಿನಲ್ಲಿ, ಅವರು 2021ರ ಜುಲೈನಲ್ಲಿ ಟೋಕಿಯೊಗೆ ಬಂದರು. ಕೊನೆಯ ಹದಿನಾರು ಆಟಗಾರರ ಘಟ್ಟದಲ್ಲಿ ಎದುರಾದವರು ಅದೇ ವರ್ಷದ ಆಲ್ ಇಂಗ್ಲೆಂಡ್ ಚಾಂಪಿಯನ್, ಮಲೇಷ್ಯಾದ ಲೀ ಝಿ ಜಿಯಾ. ಮೊದಲ ಗೇಮ್ ಅನ್ನು ಚೆನ್ ಲಾಂಗ್ 8-21ರಲ್ಲಿ ಕಳೆದುಕೊಂಡರು, ಎರಡನೆಯದನ್ನು 21-19ರಲ್ಲಿ ಹಿಡಿದಿಟ್ಟರು, ಮೂರನೆಯದರಲ್ಲಿ ಎದುರಾಳಿ ಮೇಲೇಳಲೇ ಇಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ತೈವಾನ್‌ನ ಚೌ ಟಿಯೆನ್ ಚೆನ್ ಅವರನ್ನು ಮತ್ತೆ ಮೂರು ಗೇಮ್‌ಗಳಲ್ಲಿ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಇಂಡೊನೇಷ್ಯಾದ ಆಂಥೊನಿ ಗಿಂಟಿಂಗ್ ಅವರನ್ನು 21-16, 21-11ರಲ್ಲಿ ಮಣಿಸಿದರು. ಫೈನಲ್‌ನಲ್ಲಿ ಆಕ್ಸೆಲ್ಸನ್ 21-15, 21-12ರಲ್ಲಿ ಗೆದ್ದರು, ಆ ದಿನ ಅವರೇ ಉತ್ತಮ ಆಟಗಾರರು. ಆದರೆ ವರದಾತೀರ ಅವರೇ, ಶಿಖರದಲ್ಲಿಯೇ ನಿಲ್ಲುವುದಕ್ಕಿಂತ, ಕೆಳಗಿಳಿದ ಮೇಲೆ ಹೊಸ ಪೀಳಿಗೆಯ ವೇಗವನ್ನು ಎದುರಿಸಿ ಮತ್ತೆ ಒಲಿಂಪಿಕ್ ಫೈನಲ್‌ವರೆಗೆ ಹತ್ತುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಸರ್ವಿಸ್ ಬದಲು:

ಒಲಿಂಪಿಕ್ಸ್ ಪುರುಷರ ಸಿಂಗಲ್ಸ್ ಚಿನ್ನ ಗೆದ್ದ ಚೀನಾದವರು 2000ದ ಜಿ ಶಿನ್‌ಪೆಂಗ್, 2008 ಮತ್ತು 2012ರ ಲಿನ್ ಡಾನ್, 2016ರ ಚೆನ್ ಲಾಂಗ್, ಈ ಮೂವರೇ. ಹಾನ್ ಜಿಯಾನ್ ನಂತರ ಯಾಂಗ್ ಯಾಂಗ್, ಝಾವೊ ಜಿಯಾನ್‌ಹುವಾ, ಸುನ್ ಜುನ್, ಶಿಯಾ ಶುವಾನ್‌ಝೆ, ಲಿನ್ ಡಾನ್, ಚೆನ್ ಜಿನ್, ಚೆನ್ ಲಾಂಗ್ ಎಂದು ಸಾಗಿದ ವಿಶ್ವ ಚಾಂಪಿಯನ್ನರ ಸಾಲು 2015ರ ಜಕಾರ್ತದಲ್ಲಿ ನಿಂತುಹೋಯಿತು. 2017ರಲ್ಲಿ ಲಿನ್ ಡಾನ್, 2018ರಲ್ಲಿ ಶಿ ಯೂಕಿ ಫೈನಲ್‌ವರೆಗೆ ಹೋಗಿ ಬೆಳ್ಳಿ ತಂದರು. ಚಿನ್ನ ಮತ್ತೆ ಬಂದದ್ದು 2025ರ ಪ್ಯಾರಿಸ್‌ನಲ್ಲಿ, ಶಿ ಯೂಕಿ ಅವರಿಂದ. ಅಂದರೆ ಹತ್ತು ವರ್ಷ. ಆಟಗಾರರನ್ನು ನೂರಾರು ಸಂಖ್ಯೆಯಲ್ಲಿ ಬೆಳೆಸುವ ದೇಶಕ್ಕೇ ಚೆನ್ ಲಾಂಗ್ ಬಿಟ್ಟ ಜಾಗವನ್ನು ತುಂಬಲು ಒಂದು ದಶಕ ಹಿಡಿಯಿತು ಎಂಬ ಸಂಗತಿಯೇ, ಅವರು ಲಿನ್ ಡಾನ್ ನೆರಳಿನಲ್ಲಿ ಬೆಳೆದ ಸಾಮಾನ್ಯ ಚಾಂಪಿಯನ್ ಎನ್ನುವ ಮಾತಿಗೆ ಸಾಕಷ್ಟು ಉತ್ತರ ಕೊಡುತ್ತದೆ.

ಇನ್ನೊಂದು ಮಾತು. 2012ರ ಲಂಡನ್ ಕಂಚನ್ನು ಯಾರೂ ಚರ್ಚಿಸಲಿಲ್ಲ. ಸೆಮಿಫೈನಲ್‌ನಲ್ಲಿ ಲೀ ಚಾಂಗ್ ವೀ ಎದುರು 13-21, 14-21ರಲ್ಲಿ ಸೋತ ಇಪ್ಪತ್ಮೂರರ ಯುವಕ ಕಂಚಿನ ಪಂದ್ಯದಲ್ಲಿ ಕೊರಿಯಾದ ಅನುಭವಿ ಲೀ ಹ್ಯುನ್ ಇಲ್ ಅವರನ್ನು ಮೂರು ಗೇಮ್‌ಗಳಲ್ಲಿ ಸೋಲಿಸಿದ್ದು. ಮರುವರ್ಷ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಅದೇ ಲೀ ಚಾಂಗ್ ವೀ ಅವರನ್ನು 21-17, 21-18ರಲ್ಲಿ ಸೋಲಿಸಿದರು. ಏಳೇ ತಿಂಗಳಲ್ಲಿ ಅಷ್ಟು ಅಂತರವನ್ನು ಮುಚ್ಚಿದ್ದನ್ನು ನಾನು ಆಗಲೇ ಗುರುತಿಸಿ ಅವರ ಅಭಿಮಾನಿಯಾದೆ.

ಹೇಮಾವತಿ ದಂಡೆ:

ಎಲ್ಲರ ಬರಹಗಳನ್ನೂ ಓದಿದೆ, ಧನ್ಯವಾದಗಳು. ಎತ್ತರದ ಟಾಸ್ ಮೇಡಂ ಅವರಲ್ಲಿ ಒಂದು ವಿನಂತಿ. ನನ್ನ ಮಗನಿಗೆ ಈಗ ಹದಿನಾಲ್ಕು, ವಯಸ್ಸಿಗೆ ಮೀರಿದ ಎತ್ತರ. ಜಿಲ್ಲಾ ಮಟ್ಟದಲ್ಲಿ ಆಡುತ್ತಾನೆ. ಸ್ಮ್ಯಾಷ್ ಚೆನ್ನಾಗಿದೆ, ಆದರೆ ಎದುರಾಳಿ ಎರಡು ಸಲ ಹಿಂದಿರುಗಿಸಿದರೆ ಮೂರನೆಯದನ್ನು ಹೊರಗೆ ಹೊಡೆಯುತ್ತಾನೆ. ಚೆನ್ ಲಾಂಗ್ ಅವರ ಯಾವ ಪಂದ್ಯಗಳನ್ನು, ಯಾವ ಕ್ರಮದಲ್ಲಿ ತೋರಿಸಬೇಕು, ಏನನ್ನು ಗಮನಿಸುವಂತೆ ಹೇಳಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಎತ್ತರದ ಟಾಸ್:

ಖಂಡಿತ ಹೇಳುತ್ತೇನೆ. ನಿಮ್ಮ ಮಗನ ತೊಂದರೆ ಎತ್ತರದ ಹುಡುಗರೆಲ್ಲರದ್ದು. ಸ್ಮ್ಯಾಷ್ ಹೊಡೆದ ಕೂಡಲೇ ಅಂಕ ಮುಗಿಯಿತು ಎಂದು ಅವರ ದೇಹ ನಂಬಿಬಿಡುತ್ತದೆ, ಕಾಲು ಅಲ್ಲಿಯೇ ನಿಲ್ಲುತ್ತದೆ.

ಮೊದಲು 2015ರ ಜಕಾರ್ತ ಫೈನಲ್ ತೋರಿಸಿ. 21-14, 21-17ರ ಆ ಪಂದ್ಯ ಚೆನ್ ಲಾಂಗ್ ಅತ್ಯುತ್ತಮ ಸ್ಥಿತಿಯಲ್ಲಿದ್ದಾಗಿನದು. ಧ್ವನಿ ನಿಲ್ಲಿಸಿ, ಸ್ಮ್ಯಾಷ್ ಹೊಡೆದ ಮೇಲೆ ಅವರು ಇಡುವ ಮೊದಲ ಹೆಜ್ಜೆಯನ್ನು ಮಾತ್ರ ನೋಡಲು ಹೇಳಿ. ಅವರು ಪೂರ್ಣ ಬಲದಿಂದ ಹೊಡೆಯುವುದು ಎಷ್ಟು ಕಡಿಮೆ, ಮುಕ್ಕಾಲು ಬಲದಿಂದ ಹೊಡೆದು ನೆಟ್‌ಗೆ ಬರುವುದು ಎಷ್ಟು ಹೆಚ್ಚು ಎಂಬುದು ಅವನಿಗೆ ತಾನಾಗಿಯೇ ಕಾಣಬೇಕು, ನೀವು ಹೇಳಬೇಡಿ. ಆಮೇಲೆ ರಿಯೊ ಫೈನಲ್‌ನ ಎರಡನೆಯ ಗೇಮ್ ಅನ್ನು ರಕ್ಷಣೆಗಾಗಿ ನೋಡಲಿ. ಅಲ್ಲಿ ಸ್ಮ್ಯಾಷ್ ಹಿಂದಿರುಗಿಸುವಾಗ ರ್‍ಯಾಕೆಟ್ ದೇಹದ ಮುಂದೆ ಎಲ್ಲಿರುತ್ತದೆ, ಮೊಣಕಾಲು ಎಷ್ಟು ಬಾಗಿರುತ್ತದೆ ಎಂಬುದನ್ನು ನಿಧಾನಗತಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸಬಹುದು. ಗ್ಲಾಸ್ಗೊ ಸೆಮಿಫೈನಲ್ ಅನ್ನೂ ಬಿಡಬೇಡಿ. ತನ್ನ ಆದರ್ಶ ಆಟಗಾರ ಹೀನಾಯವಾಗಿ ಸೋತ ಪಂದ್ಯವನ್ನು ಮಗು ನೋಡಬೇಕು. ಕ್ಲಿಯರ್‌ನ ಉದ್ದ ಒಂದು ಅಡಿ ಕಡಿಮೆಯಾದರೆ ಆಕ್ಸೆಲ್ಸನ್ ಅಂಥವರು ಏನು ಮಾಡುತ್ತಾರೆ ಎಂಬುದು ಅಲ್ಲಿ ತಿಳಿಯುತ್ತದೆ.

ಕೊನೆಗೆ ಟೋಕಿಯೊದ ಲೀ ಝಿ ಜಿಯಾ ಪಂದ್ಯ. ಮೊದಲ ಗೇಮ್ 8-21ರಲ್ಲಿ ಮುಗಿಯುವವರೆಗೆ ಬೇಸರವಾದರೂ ಪೂರ್ತಿ ನೋಡಲಿ, ಮುಂದಕ್ಕೆ ಓಡಿಸುವುದು ಬೇಡ. ಎರಡನೆಯ ಗೇಮ್ ಶುರುವಾದಾಗ ಪಂದ್ಯ ನಿಲ್ಲಿಸಿ, ನೀನಾಗಿದ್ದರೆ ಈಗ ಏನು ಬದಲಿಸುತ್ತಿದ್ದೆ ಎಂದು ಕೇಳಿ, ಅವನ ಉತ್ತರವನ್ನು ಬರೆದಿಟ್ಟುಕೊಳ್ಳಿ. ನಂತರ ಮುಂದುವರಿಸಿ. ಅವನು ಬರೆಸಿದ್ದನ್ನು ಇಲ್ಲಿ ಹಂಚಿಕೊಂಡರೆ, ಅವನ ಕಾಲಿನ ಅಭ್ಯಾಸಕ್ಕೆ ಯಾವುದನ್ನು ಮೊದಲು ಕೊಡಬೇಕೆಂದು ನಾನು ಹೇಳಬಲ್ಲೆ.